ಒಂದು ವರ್ಷ ಕಾದ ಕುದುರೆ

ನಮ್ಮ ಗುರುಗುಂಟಾದಲ್ಲಿ ಬೆಳೆದ ನನಗೆ ಕುದುರೆ ಅಂದ್ರೆ ಮದುವೆ ಮೆರವಣಿಗೆ ಅಷ್ಟೇ. ‘ಈವೆಂಟಿಂಗ್’ ಅನ್ನೋ ಆಟ ಗೊತ್ತಾಗಿದ್ದು 2018ರಲ್ಲಿ, ಬೆಂಗಳೂರಿನ ಫವಾದ್ ಮಿರ್ಜಾ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಎರಡು ಬೆಳ್ಳಿ ಗೆದ್ದಾಗ. ಕುದುರೆ ಸವಾರಿಯಲ್ಲಿ 1982ರ ನಂತರ ಭಾರತಕ್ಕೆ ಬಂದ ಮೊದಲ ವೈಯಕ್ತಿಕ ಪದಕ ಅದು!

ಒಂದೇ ಕುದುರೆ, ಒಬ್ಬನೇ ಸವಾರ, ಮೂರು ಪರೀಕ್ಷೆ: ಡ್ರೆಸಾಜ್ ಎಂಬ ಶಿಸ್ತಿನ ನಡಿಗೆ, ಹಳ್ಳ-ದಿಬ್ಬ ದಾಟುವ ಕ್ರಾಸ್ ಕಂಟ್ರಿ, ಕೊನೆಗೆ ಬೇಲಿ ಜಿಗಿತ. ದಂಡದ ಅಂಕ ಕಡಿಮೆ ಇದ್ದವರೇ ಗೆದ್ದಂತೆ.

ಮುಂದೆ ಫವಾದ್ ಟೋಕಿಯೋ ಒಲಿಂಪಿಕ್ಸ್‌ಗೂ ಅರ್ಹತೆ ಪಡೆದರು. ಅಷ್ಟರಲ್ಲಿ ಕೊರೋನಾ. 2020ರ ಮಾರ್ಚ್ 24ರಂದು ಒಲಿಂಪಿಕ್ಸ್ ಮುಂದಕ್ಕೆ ಹೋಯಿತು. ಈ ಆಟದ ದೊಡ್ಡ ಜಾತ್ರೆಗಳಾದ ಇಂಗ್ಲೆಂಡಿನ ಬ್ಯಾಡ್ಮಿಂಟನ್ (ಶಟಲ್ ಅಲ್ಲ, ಊರಿನ ಹೆಸರು ಸ್ವಾಮಿ!) ಮತ್ತು ಬರ್ಲಿ, 2020, 2021 ಎರಡೂ ವರ್ಷ ನಡೆಯಲಿಲ್ಲ.

ನಮ್ಮ ಸಾಫ್ಟ್‌ವೇರ್ ರಿಲೀಸ್ ಒಂದು ವರ್ಷ ಮುಂದೆ ಹೋದರೆ ಕೋಡ್ ಹಾಗೇ ಇರುತ್ತೆ. ಕುದುರೆಗೆ ವಯಸ್ಸಾಗುತ್ತೆ. ಜಕಾರ್ತಾದಲ್ಲಿ ಗೆಲ್ಲಿಸಿದ್ದ ಸೆನ್ಯೋರ್ ಮೆಡಿಕಾಟ್‌ಗೆ 2021ರ ಹೊತ್ತಿಗೆ 15 ವರ್ಷ. ಆದರೂ ಫವಾದ್ ಕೊನೆಗೆ ನಂಬಿದ್ದು ಅದನ್ನೇ.

2000ದಲ್ಲಿ ಸಿಡ್ನಿಗೆ ಹೋಗಿದ್ದ ಇಮ್ತಿಯಾಜ್ ಅನೀಸ್ ನಂತರ ಒಲಿಂಪಿಕ್ಸ್‌ನಲ್ಲಿ ಸವಾರಿ ಮಾಡಿದ ಮೊದಲ ಭಾರತೀಯ ಇವರೇ. ಫೈನಲ್ ತಲುಪಿ 23ನೇ ಸ್ಥಾನ ಪಡೆದರು. ಪದಕ ಇಲ್ಲ ಅಂತ ಎಷ್ಟೋ ಜನ ಮರೆತುಬಿಟ್ಟರು. ಆದರೆ ಆ ವರ್ಷವಿಡೀ ಆ ಕುದುರೆಯನ್ನು ಸಜ್ಜಾಗಿಟ್ಟದ್ದೇನು ಸಣ್ಣ ಗೆಲುವೇ? ನೀವೇ ಹೇಳಿ.