ಸೀಸ–ಸತುವಿನ ಅದಿರು ಮತ್ತು ಶಿಲಾಪಾಕ: ಒಂದು ಸಿದ್ಧಾಂತದ ಏರಿಳಿತ

ಸೀಸದ ಮುಖ್ಯ ಅದಿರಾದ ಗೆಲೀನ ಮತ್ತು ಸತುವಿನ ಮುಖ್ಯ ಅದಿರಾದ ಸ್ಫಾಲರೈಟ್ ಎರಡೂ ಗಂಧಕದೊಡನೆ ಕೂಡಿದ ಖನಿಜಗಳಾಗಿದ್ದು, ಹೆಚ್ಚಿನ ಗಣಿಗಳಲ್ಲಿ ಜೊತೆಯಾಗಿಯೇ ದೊರೆಯುತ್ತವೆ. ಇವು ಶಿಲಾಪಾಕದಿಂದ, ಎಂದರೆ ಭೂಗರ್ಭದಲ್ಲಿ ಕರಗಿದ ಸ್ಥಿತಿಯಲ್ಲಿರುವ ಶಿಲಾದ್ರವ್ಯದಿಂದ, ಹುಟ್ಟಿದವೇ ಎಂಬ ಪ್ರಶ್ನೆ 18ನೆಯ ಶತಮಾನದ ಕೊನೆಗೆ ತೀವ್ರ ವಾದವಾಗಿ ಬೆಳೆಯಿತು. ಜರ್ಮನಿಯ ಫ್ರೈಬರ್ಗ್ ಗಣಿ ವಿದ್ಯಾಲಯದ ಅಬ್ರಹಾಂ ವೆರ್ನರ್ 1791ರ ತಮ್ಮ ಗ್ರಂಥದಲ್ಲಿ, ಆದಿಸಾಗರದ ನೀರು ನೆಲದ ಬಿರುಕುಗಳಿಗೆ ಮೇಲಿನಿಂದ ಇಳಿದು ಅದಿರಿನ ಸಿರಗಳನ್ನು ತುಂಬಿತೆಂದು ಪ್ರತಿಪಾದಿಸಿದರೆ, ಸ್ಕಾಟ್ಲೆಂಡಿನ ಜೇಮ್ಸ್ ಹಟನ್ ಅವು ಕೆಳಗಿನಿಂದ ನುಗ್ಗಿಬಂದ ಕರಗಿದ ದ್ರವ್ಯವೇ ಎಂದರು. ನೀರು ಬೇಕೆಂದ ವೆರ್ನರ್ ಅದರ ದಿಕ್ಕಿನಲ್ಲಿ ತಪ್ಪಿದ್ದರು. ದಿಕ್ಕನ್ನು ಸರಿಯಾಗಿ ಕಂಡ ಹಟನ್ ನೀರನ್ನು ಮರೆತಿದ್ದರು. ಜ್ವಾಲಾಮುಖಿಗಳ ಆವಿ ಮತ್ತು ಬಿಸಿನೀರಿನ ಬುಗ್ಗೆಗಳನ್ನು ಅದಿರಿನ ಸಿರಗಳೊಡನೆ ಜೋಡಿಸಿ ಈ ಎರಡು ನೋಟಗಳನ್ನು ಬೆಸೆಯಲು ಯತ್ನಿಸಿದವರು 1847ರಲ್ಲಿ ಫ್ರಾನ್ಸಿನ ಎಲೀ ದ ಬೋಮಾಂ.

ನಿಕಲ್ ಅದಿರು ಶಿಲಾಪಾಕದಿಂದ ನೇರವಾಗಿ ಬೇರ್ಪಟ್ಟು ತಳಕ್ಕಿಳಿಯುವಂತೆ ಸೀಸ ಮತ್ತು ಸತು ಸಾಮಾನ್ಯವಾಗಿ ಬೇರ್ಪಡುವುದಿಲ್ಲ. ಸೀಸದ ಅಯಾನು ಗಾತ್ರದಲ್ಲಿ ಪೊಟ್ಯಾಸಿಯಮನ್ನು ಹೋಲುವುದರಿಂದ ಫೆಲ್ಡ್‌ಸ್ಪಾರಿನಲ್ಲಿ ಅಡಗುತ್ತದೆ. ಸತುವು ಕಬ್ಬಿಣದ ಸ್ಥಾನವನ್ನು ಹಿಡಿದು ಕಪ್ಪು ಅಭ್ರಕದಲ್ಲಿ ಸೇರಿಹೋಗುತ್ತದೆ. ಶಿಲಾಪಾಕ ತಣಿದು ಹರಳುಗಟ್ಟುವಾಗ ಅದರಲ್ಲಿ ಕರಗಿದ್ದ ನೀರು ಕ್ಲೋರಿನ್ ಸಮೇತ ಬೇರ್ಪಟ್ಟರೆ, ಉಳಿದ ಲೋಹ ಆ ಕ್ಲೋರಿನ್ನಿನ ಆಸರೆಯಿಂದ ಬಿಸಿನೀರಿಗೆ ಸೇರಿ, ಬಿರುಕುಗಳ ಮೂಲಕ ದೂರ ಸಾಗುತ್ತದೆ. ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ ಗ್ರಾನೈಟಿನ ಬಳಿ ತವರ, ಆಚೆ ತಾಮ್ರ, ಇನ್ನೂ ಆಚೆ ಸೀಸ–ಸತು ಎಂಬ ಕ್ರಮ ಕಾಣುವುದು ಈ ವಿವರಣೆಗೆ ಬಲವಾದ ಸಾಕ್ಷ್ಯವಾಯಿತು. ಯೂಟಾದ ಬಿಂಗಮ್ ಕಣಿವೆಯಲ್ಲೂ ನಡುವಿನ ತಾಮ್ರದ ಸುತ್ತ ಸೀಸ–ಸತು–ಬೆಳ್ಳಿಯ ಅದಿರು ಹರಡಿದೆ.

ಈ ಯಶಸ್ಸೇ ಮುಂದೆ ತೊಡಕಾಯಿತು. ಮಿಸೌರಿ, ಕ್ಯಾನ್ಸಸ್ ಮತ್ತು ಒಕ್ಲಹೋಮ ರಾಜ್ಯಗಳು ಕೂಡುವ ಪ್ರದೇಶದಲ್ಲಿ, ಅಗ್ನಿಶಿಲೆಯ ಸುಳಿವೇ ಇಲ್ಲದ ಸುಣ್ಣಕಲ್ಲಿನ ಪದರಗಳಲ್ಲಿ ಅಪಾರ ಸೀಸ–ಸತು ಸಿಕ್ಕಿತ್ತು. ಅದಿರುಗಳನ್ನು ಉಷ್ಣತೆ ಮತ್ತು ಆಳಗಳ ಮೇಲೆ ವರ್ಗೀಕರಿಸಿದ ವಾಲ್ಡೆಮಾರ್ ಲಿಂಡ್‌ಗ್ರೆನ್ 1913ರ ತಮ್ಮ ಗ್ರಂಥದಲ್ಲಿ ಇವನ್ನು ಅಗ್ನಿಶಿಲೆಗೆ ಸಂಬಂಧವಿಲ್ಲದವುಗಳೆಂದು ಬೇರೆಯಾಗಿಯೇ ಇರಿಸಿದ್ದರು. ಆದರೂ 1933ರಲ್ಲಿ ಎಲ್. ಸಿ. ಗ್ರೇಟನ್ 'ಟೆಲಿಥರ್ಮಲ್', ಅಂದರೆ ಮೂಲದಿಂದ ಬಹುದೂರ ಬಂದು ತಣಿದ ದ್ರಾವಣದ ಅದಿರು, ಎಂಬ ವರ್ಗವನ್ನು ಸೂಚಿಸಿದಾಗ, ಕಣ್ಣಿಗೆ ಕಾಣದ ಶಿಲಾಪಾಕವೊಂದನ್ನು ಆಳದಲ್ಲಿ ಊಹಿಸಿಕೊಳ್ಳುವುದು ಸುಲಭವಾಯಿತು. ಯಾವ ಸಾಕ್ಷ್ಯದಿಂದಲೂ ಅಲ್ಲಗಳೆಯಲಾಗದ ಊಹೆ ಸಿದ್ಧಾಂತದ ಬಲವಲ್ಲ, ದೌರ್ಬಲ್ಯ; ಆ ಕಾಲದ ಅನೇಕ ವಿದ್ವಾಂಸರು ಇದನ್ನು ಸಾಕಷ್ಟು ಗಮನಿಸಲಿಲ್ಲವೆಂದೇ ಹೇಳಬೇಕು.

ಈ ಊಹೆಯನ್ನು ಸಡಿಲಿಸಿದ್ದು ಎರಡು ಬಗೆಯ ಅಳತೆಗಳು. ಹರಳುಗಳೊಳಗೆ ಸೆರೆಸಿಕ್ಕ ಸೂಕ್ಷ್ಮ ದ್ರವಬಿಂದುಗಳ ಪರೀಕ್ಷೆಯಿಂದ, ಅದಿರನ್ನು ಹೊತ್ತು ತಂದದ್ದು ಸಾಮಾನ್ಯವಾಗಿ 200 ಡಿಗ್ರಿ ಸೆಲ್ಸಿಯಸ್‌ಗೂ ಕಡಿಮೆ ಉಷ್ಣತೆಯ, ಸಮುದ್ರದ ನೀರಿಗಿಂತ ಹಲವು ಪಟ್ಟು ಉಪ್ಪಾದ ನೀರೆಂದು ತಿಳಿಯಿತು. ಅದು ತೈಲಕ್ಷೇತ್ರಗಳ ಆಳದ ಉಪ್ಪುನೀರನ್ನೇ ಹೋಲುತ್ತಿತ್ತು. ಎರಡನೆಯದು ಸೀಸದ ಐಸೊಟೋಪುಗಳ, ಎಂದರೆ ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣುಗಳ, ಅಳತೆ. ಆಲ್ಫ್ರೆಡ್ ನಿಯರ್ 1938ರಿಂದ ಆರಂಭಿಸಿದ ಈ ಕೆಲಸ ಮುಂದುವರಿದಂತೆ, ಮಿಸೌರಿಯ ಜಾಪ್ಲಿನ್‌ನ ಸೀಸದಲ್ಲಿ ಯುರೇನಿಯಂ ಮತ್ತು ಥೋರಿಯಂ ಕ್ಷಯದಿಂದ ಬಂದ ಪಾಲು ಅತಿಯಾಗಿರುವುದು ಸ್ಪಷ್ಟವಾಯಿತು. ಅದರಿಂದ ವಯಸ್ಸು ಲೆಕ್ಕಹಾಕಿದರೆ ಅದಿರು ಇನ್ನೂ ಹುಟ್ಟಿಯೇ ಇಲ್ಲವೆಂಬ ಉತ್ತರ ಬರುತ್ತಿತ್ತು. ಒಂದೇ ಶಿಲಾಪಾಕದಿಂದ ಬಂದ ಸೀಸಕ್ಕೆ ಇಂಥ ಗುರುತು ಹೊಂದುವುದಿಲ್ಲ. ಹಳೆಯ ಶಿಲೆಗಳನ್ನು ತೊಳೆದು ಬಂದ ನೀರಿಗೆ ಹೊಂದುತ್ತದೆ.

1979ರಲ್ಲಿ ಪೂರ್ವ ಪೆಸಿಫಿಕ್ ಸಾಗರತಳದಲ್ಲಿ ಸುಮಾರು 350 ಡಿಗ್ರಿಯ ಕಪ್ಪು ಬುಗ್ಗೆಗಳು ಲೋಹದ ಸಲ್ಫೈಡುಗಳನ್ನು ಉಗುಳುತ್ತಿರುವುದು ಕಂಡಾಗ ಪ್ರಶ್ನೆ ಮತ್ತೊಂದು ರೂಪ ಪಡೆಯಿತು. ಅಲ್ಲಿ ಬಿಸಿ ಶಿಲಾಪಾಕದ್ದು, ನೀರು ಬಹುಪಾಲು ಸಮುದ್ರದ್ದು; ಲೋಹದಲ್ಲಿ ಬಸಾಲ್ಟ್ ಶಿಲೆಯಿಂದ ತೊಳೆದುಬಂದದ್ದೆಷ್ಟು, ಶಿಲಾಪಾಕ ನೇರವಾಗಿ ಕೊಟ್ಟದ್ದೆಷ್ಟು ಎಂಬುದನ್ನು ಒಂದೊಂದು ನಿಕ್ಷೇಪಕ್ಕೂ ಪ್ರತ್ಯೇಕವಾಗಿ ಅಳೆಯಬೇಕಾಗುತ್ತದೆ.