ಹಂಚಿಕೆಯ ಫೋಲ್ಡರ್, ಮನೆಯ ನೆಟ್‌ವರ್ಕ್‌ನಲ್ಲಿ

ಒಂದೇ ರೂಟರ್‌ಗೆ ಸೇರಿದ ಕಂಪ್ಯೂಟರ್‌ಗಳು ಪರಸ್ಪರರ ಕಡತ ತೆರೆಯುವ ವ್ಯವಸ್ಥೆ. ವಿಂಡೋಸ್‌ನಲ್ಲಿ ಇದು ಎಸ್‌ಎಂಬಿ ಪ್ರೋಟೋಕಾಲ್ ಮೂಲಕ, 445ನೇ ಪೋರ್ಟ್‌ನಲ್ಲಿ ನಡೆಯುತ್ತದೆ. ಇಂಟರ್ನೆಟ್ ಬೇಕಿಲ್ಲ, ರಾಣೆಬೆನ್ನೂರಿನಲ್ಲಾಗಲಿ ಕುಪ್ಪೇಲೂರಿನಲ್ಲಾಗಲಿ ಬ್ರಾಡ್‌ಬ್ಯಾಂಡ್ ಕೈಕೊಟ್ಟಾಗಲೂ ರೂಟರ್‌ಗೆ ಕರೆಂಟ್ ಇದ್ದರೆ ಸಾಕು. ಫೋಲ್ಡರ್ ತೆರೆಯದಿದ್ದರೆ ಜನ ಮೊದಲು ವೈಫೈಯನ್ನು ದೂರುತ್ತಾರೆ. ದೋಷ ಬಹುಪಾಲು ಗುರುತು ಮತ್ತು ಅನುಮತಿಯದು. ಎಕ್ಸ್‌ಪ್ಲೋರರ್‌ನ ವಿಳಾಸಪಟ್ಟಿಯಲ್ಲಿ \\192.168.1.5 ಎಂಬಂತೆ ಎದುರಿನ ಯಂತ್ರದ ಐಪಿ ವಿಳಾಸವನ್ನೇ ಬರೆದಾಗ ಪಾಸ್‌ವರ್ಡ್ ಕೇಳಿದರೆ ಸಂಪರ್ಕ ಸರಿಯಿದೆ ಎಂದೇ ಅರ್ಥ. ಅಲ್ಲಿ ಪಿನ್ ಒತ್ತಿ ಸೋಲುವವರು ಬಹಳ: ಪಿನ್ ಆಯಾ ಯಂತ್ರಕ್ಕಷ್ಟೇ ಸೀಮಿತ, ನೆಟ್‌ವರ್ಕ್‌ಗೆ ಖಾತೆಯ ಪಾಸ್‌ವರ್ಡೇ ಬೇಕು. ಅದು ಒಪ್ಪಿಗೆಯಾದರೂ ಹಂಚಿಕೆಯ ಅನುಮತಿ, ಡಿಸ್ಕ್‌ನಲ್ಲಿ ಕಡತಕ್ಕೇ ಇರುವ ಎನ್‌ಟಿಎಫ್‌ಎಸ್ ಅನುಮತಿ ಎರಡರಲ್ಲಿ ಬಿಗಿಯಾದದ್ದೇ ಗೆಲ್ಲುತ್ತದೆ.

ಫೈರ್‌ವಾಲ್ ತೆಗೆದು, ಹಳೆಯ ಎಸ್‌ಎಂಬಿ1 ಹಾಕಿದರೆ ಕೆಲಸ ಆಗುತ್ತದಲ್ಲ ಎನ್ನುವವರಿದ್ದಾರೆ. ಆಗುವುದುಂಟು. ಆದರೆ 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಸುಲಿಗೆ ತಂತ್ರಾಂಶ ಜಗತ್ತಿನಾದ್ಯಂತ ಹಬ್ಬಿದ್ದು ಎಸ್‌ಎಂಬಿ1ರ ಬಿರುಕಿನಿಂದಲೇ. ಅದೇ ವರ್ಷ ವಿಂಡೋಸ್ 10ರ 1709 ಆವೃತ್ತಿಯಿಂದ ಮೈಕ್ರೋಸಾಫ್ಟ್ ಆ ಹಳೆಯ ಪ್ರೋಟೋಕಾಲನ್ನು ಕೈಬಿಡತೊಡಗಿತು. ಮನೆಯೊಳಗಿನ ನೆಟ್‌ವರ್ಕ್‌ಗೆ ಯಾರ ಭಯ ಎಂಬ ಮಾತೂ ನಿಲ್ಲದು: ಸೋಂಕು ತಗುಲಿದ ಒಂದು ಲ್ಯಾಪ್‌ಟಾಪ್ ಒಳಗೆ ಬಂದರೆ ಸಾಕು. ನೆಟ್‌ವರ್ಕ್ ಪ್ರೊಫೈಲನ್ನು ಪಬ್ಲಿಕ್‌ನಿಂದ ಪ್ರೈವೇಟ್‌ಗೆ ಬದಲಿಸಿದರೆ ಫೈರ್‌ವಾಲ್ ಉಳಿಸಿಕೊಂಡೇ ಹಂಚಿಕೆಗೆ ದಾರಿ ತೆರೆಯಬಹುದು.