ಮಿಂಚಂಚೆಯ ಬಾಗಿಲಲ್ಲಿ ಊರಿನ ಪ್ರಶ್ನೆ

ಹೆಸರು ಮತ್ತು ಗುಪ್ತಪದ ಕೊಟ್ಟರೆ ಮಿಂಚಂಚೆ ತೆರೆದುಕೊಳ್ಳುತ್ತಿದ್ದ ಕಾಲ ಹಿಂದೆ ಸರಿದಿದೆ. ಈಗ ಅನೇಕ ಕಾಲೇಜು, ಕಛೇರಿಗಳ ಅಂಚೆಪೆಟ್ಟಿಗೆ ಇರುವುದು ದೂರದ ‘ಕ್ಲೌಡ್’ ಗಣಕಗಳಲ್ಲಿ. ಅವು ಮೊಬೈಲಿನಲ್ಲಿ ಮೂಡುವ ಆರಂಕಿಯ ಸಂಕೇತವನ್ನೂ ಕೇಳುತ್ತವೆ. ಜೊತೆಗೆ, ನೀವು ಎಲ್ಲಿಂದ ಬಂದಿದ್ದೀರಿ ಎಂದೂ ನೋಡುತ್ತವೆ. ಊರನ್ನು ಕೇಳುವ ಈ ಪದ್ಧತಿ ಹೊಸದೇನಲ್ಲ.

1980ರ ದಶಕದಲ್ಲಿ ದೂರದ ಗಣಕವನ್ನು ತಲುಪಲು ದೂರವಾಣಿ ತಂತಿಯೇ ದಾರಿ. ಕೆಲವು ಸಂಸ್ಥೆಗಳ ಮೋಡೆಮ್‌ಗಳು ಕರೆ ಬಂದೊಡನೆ ಹೆಸರು ಕೇಳಿ, ಸಂಪರ್ಕ ಕಡಿದು, ತಮ್ಮ ಪಟ್ಟಿಯಲ್ಲಿದ್ದ ಸಂಖ್ಯೆಗೆ ತಾವೇ ತಿರುಗಿ ಕರೆ ಮಾಡುತ್ತಿದ್ದವು. ಸ್ಥಿರ ದೂರವಾಣಿ ಒಂದು ಕಟ್ಟಡಕ್ಕೆ ಕಟ್ಟುಬಿದ್ದ ವಸ್ತು. ಹೀಗಾಗಿ ಸಂಖ್ಯೆ ಸರಿಯಿದ್ದರೆ ಸ್ಥಳವೂ ಸರಿ ಎಂದೇ ಲೆಕ್ಕ.

ನಮ್ಮಲ್ಲಿ ಕೇಂದ್ರ ಎಲೆಕ್ಟ್ರಾನಿಕ್ಸ್ ಇಲಾಖೆಯು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನಿಂದ 1986ರಲ್ಲಿ ‘ಅರ್ನೆಟ್’ ಜಾಲವನ್ನು ಆರಂಭಿಸಿತು. ಅದರ ಮೊದಲ 8 ಸಂಸ್ಥೆಗಳಲ್ಲಿ ಯಶವಂತಪುರದ ಪಕ್ಕದ ಭಾರತೀಯ ವಿಜ್ಞಾನ ಸಂಸ್ಥೆಯೂ ಒಂದು. ಆಗ ಅಂಚೆ ಓದಬೇಕಾದರೆ ಸಂಸ್ಥೆಯ ಗಣಕದ ಮುಂದೆ ಕೂರಬೇಕು, ಇಲ್ಲವೆ ಅದಕ್ಕೆ ದೂರವಾಣಿ ಹಚ್ಚಬೇಕು. ಅಂಚೆಗೂ ಊರಿಗೂ ಗಂಟು ಬಿದ್ದಿತ್ತು.

ಆ ಗಂಟನ್ನು ಬಿಚ್ಚಿದವರಲ್ಲಿ ಒಬ್ಬರು ಬೆಂಗಳೂರಿನಲ್ಲಿ ಬೆಳೆದ ಸಬೀರ್ ಭಾಟಿಯಾ. ಕಛೇರಿಯ ಜಾಲದೊಳಗಿಂದ ಸ್ವಂತ ಅಂಚೆ ನೋಡಲಾಗದ ತೊಂದರೆಯಿಂದ ಅವರು ಮತ್ತು ಜ್ಯಾಕ್ ಸ್ಮಿತ್ ರೂಪಿಸಿದ ‘ಹಾಟ್‌ಮೇಲ್’ 1996ರ ಜುಲೈ 4ರಂದು ಆರಂಭವಾಯಿತು. ಬ್ರೌಸರ್ ಇದ್ದಲ್ಲೆಲ್ಲ ಅಂಚೆ! ಆದರೆ ಕಳ್ಳನಿಗೂ ಅದೇ ಅನುಕೂಲವಾಯಿತು. ಗುಪ್ತಪದ ಕದ್ದವನು ಯಾವ ದೇಶದಲ್ಲಿದ್ದರೇನು?

ವಿಚಿತ್ರವೆಂದರೆ, ಅದೇ 1996ರಲ್ಲಿ ಅಮೆರಿಕದ ಡೊರೊತಿ ಡೆನ್ನಿಂಗ್ ಮತ್ತು ಪೀಟರ್ ಮ್ಯಾಕ್‌ಡೊರಾನ್ ಸ್ಥಳವನ್ನೇ ಗುರುತಿನ ಪುರಾವೆಯಾಗಿ ಬಳಸಬೇಕೆಂದು ಪ್ರಬಂಧ ಬರೆದರು. ಜಿಪಿಎಸ್ ಉಪಗ್ರಹಗಳ ಸಂಕೇತ ಆ ಕ್ಷಣದಲ್ಲಿ ಆ ಜಾಗದಲ್ಲಿ ಹೇಗೆ ಕಾಣುತ್ತದೆಂಬುದನ್ನು ಅಳೆದು ಕಳುಹಿಸುವುದು ಅವರ ಉಪಾಯ. ಅಂಚೆ ಸೇವೆಗಳು ಹೆಚ್ಚಾಗಿ ಹಿಡಿದದ್ದು ಅಗ್ಗದ ದಾರಿಯನ್ನು: ಬಂದವನ ಐಪಿ ವಿಳಾಸ ನೋಡಿ ಊರು ಊಹಿಸುವುದು.

ಊಹೆ ಎಂಬ ಮಾತನ್ನು ಬೇಕೆಂದೇ ಬಳಸಿದ್ದೇನೆ. ಐಪಿ ವಿಳಾಸವೆಂಬುದು ದತ್ತಾಂಶದ ಪೊಟ್ಟಣ ತಲುಪಿಸಲು ಮಾಡಿದ ಸಂಖ್ಯೆ. ಅದರಲ್ಲಿ ಅಕ್ಷಾಂಶ ರೇಖಾಂಶಗಳಿಲ್ಲ. ವಿಳಾಸಗಳ ಗುಂಪನ್ನು ಸೇವಾ ಕಂಪನಿಗಳಿಗೆ ಹಂಚಲಾಗುತ್ತದೆ. ಯಾವ ಗುಂಪು ಎಲ್ಲಿ ಬಳಕೆಯಲ್ಲಿದೆ ಎಂದು ಬೇರೆಯವರು ಕೋಷ್ಟಕ ಕಟ್ಟುತ್ತಾರೆ. ಇಂಥದೊಂದು ಕೋಷ್ಟಕ, ಊರು ತಿಳಿಯದ ಅಮೆರಿಕದ ವಿಳಾಸಗಳಿಗೆಲ್ಲ ಆ ದೇಶದ ನಡುಮಧ್ಯದ ಒಂದು ಬಿಂದುವನ್ನು ಕೊಟ್ಟಿತ್ತು. ಆ ಬಿಂದು ಕ್ಯಾನ್ಸಸ್‌ನ ಒಂದು ತೋಟದ ಮನೆಯ ಮೇಲೆ ಬಿದ್ದು, ಯಾರೋ ಮಾಡಿದ ವಂಚನೆಗೆ ಪೊಲೀಸರು ಆ ಮನೆಯ ಬಾಗಿಲು ತಟ್ಟುತ್ತಿದ್ದ ಸಂಗತಿ 2016ರಲ್ಲಿ ಬೆಳಕಿಗೆ ಬಂತು.

ಈ ನಡುವೆ ಎರಡನೆಯ ಪುರಾವೆಯೂ ಬಳಕೆಗೆ ಬಂತು. ಭಾರತೀಯ ರಿಸರ್ವ್ ಬ್ಯಾಂಕು ಅಂತರಜಾಲದಲ್ಲಿ ಕಾರ್ಡು ಬಳಸುವವರಿಗೆ 2009ರ ಆಗಸ್ಟ್ 1ರಿಂದ ಹೆಚ್ಚುವರಿ ದೃಢೀಕರಣವನ್ನು ಕಡ್ಡಾಯ ಮಾಡಿತು. ಗಡಿಯಾರದ ಆಧಾರದ ಮೇಲೆ ಸಂಕೇತ ಹುಟ್ಟಿಸುವ ವಿಧಾನ 2011ರಲ್ಲಿ ಪ್ರಕಟವಾಯಿತು. ಇವೆರಡನ್ನೂ ಬೆಸೆದು ‘ಕಾಲೇಜಿನ ಒಳಗಿದ್ದರೆ ಗುಪ್ತಪದ ಸಾಕು, ಹೊರಗಿದ್ದರೆ ಸಂಕೇತವೂ ಬೇಕು, ವಿದೇಶವಾದರೆ ಪ್ರವೇಶವಿಲ್ಲ’ ಎಂಬಂಥ ನಿಯಮಗಳು ಹುಟ್ಟಿದವು.

ಯಲಹಂಕದ ಕಾಲೇಜೊಂದರಲ್ಲಿ ಇಂಥ ನಿಯಮವಿದೆ ಎಂದುಕೊಳ್ಳಿ. ಅಲ್ಲಿನ ಅಧ್ಯಾಪಕಿಯೊಬ್ಬರು ಪರೀಕ್ಷೆಯ ಅಂಕಪಟ್ಟಿ ಕಳುಹಿಸಬೇಕು. ಆವರಣದೊಳಗೇ ಕುಳಿತಿದ್ದರೂ ಸಂಕೇತ ಕೇಳುತ್ತದೆ. ಏಕೆ? ಮೊದಲು ನೋಡಬೇಕಾದದ್ದು ಅಂಚೆ ಸೇವೆಯ ಪ್ರವೇಶ ದಾಖಲೆಯನ್ನು. ಸರ್ವರ್ ಕಂಡ ವಿಳಾಸ ಅಲ್ಲಿರುತ್ತದೆ. ಗಣಕದ ಪರದೆಯಲ್ಲಿ ಕಾಣುವ, 192.168ರಿಂದ ಆರಂಭವಾಗುವ ವಿಳಾಸ ಒಳಜಾಲದ್ದು. ಸರ್ವರ್ ಅದನ್ನು ಕಾಣುವುದೇ ಇಲ್ಲ. ನಿಯಮದ ಪಟ್ಟಿಯಲ್ಲಿ ಅದನ್ನೇ ಬರೆದಿಟ್ಟಿರುವುದು ಬಹಳ ಕಡೆ ಕಾಣುವ ತಪ್ಪು. ಕಾಲೇಜು ಅಂತರಜಾಲ ಕಂಪನಿಯನ್ನು ಬದಲಿಸಿ, ಪಟ್ಟಿಯನ್ನು ಹಾಗೇ ಬಿಟ್ಟಿರುವುದೂ ಉಂಟು. ಇನ್ನೊಂದು ಕಾರಣ ಸುಲಭವಾಗಿ ಹೊಳೆಯುವುದಿಲ್ಲ: ಪಟ್ಟಿಯಲ್ಲಿ ಐಪಿಯ ಹಳೆಯ 4ನೆಯ ಆವೃತ್ತಿಯ ವಿಳಾಸಗಳಷ್ಟೇ ಇದ್ದು, ಬ್ರೌಸರ್ 6ನೆಯ ಆವೃತ್ತಿಯಲ್ಲಿ ಹೋಗಿದ್ದರೆ ಒಳಗಿನವರೂ ಹೊರಗಿನವರೇ.

ಅವರೇ ಹೆಬ್ಬಾಳದ ಮನೆಯಲ್ಲಿ ಬ್ರಾಡ್‌ಬ್ಯಾಂಡ್ ಬಿಟ್ಟು ಮೊಬೈಲಿನ ಜಾಲಕ್ಕೆ ಬದಲಾದರೆ ಮತ್ತೊಂದು ಪೇಚು. ಮೊಬೈಲ್ ಕಂಪನಿಗಳು ಸಾವಿರಾರು ಗ್ರಾಹಕರನ್ನು ಕೆಲವೇ ವಿಳಾಸಗಳ ಹಿಂದೆ ಕೂಡಿಸುತ್ತವೆ. ಆ ಹೆಬ್ಬಾಗಿಲು ಮುಂಬಯಿಯಲ್ಲೋ ಚೆನ್ನೈಯಲ್ಲೋ ಇರಬಹುದು, ಅಥವಾ ಕೋಷ್ಟಕದಲ್ಲಿ ಹಾಗೆ ದಾಖಲಾಗಿರಬಹುದು. ಒಂಬತ್ತು ಗಂಟೆಗೆ ಬೆಂಗಳೂರು, ಒಂಬತ್ತೂ ಐದಕ್ಕೆ ಮುಂಬಯಿ! ವಿಮಾನಕ್ಕೂ ಸಾಧ್ಯವಿಲ್ಲದ ಈ ಪ್ರಯಾಣ ಕಂಡು ಸೇವೆ ಖಾತೆಯನ್ನು ತಡೆಹಿಡಿಯುತ್ತದೆ. ವಿಪಿಎನ್ ತಂತ್ರಾಂಶ ಚಾಲೂ ಇದ್ದರೂ ಹೀಗೇ. ಆದ್ದರಿಂದ ಊರು, ರಾಜ್ಯಗಳ ಮಟ್ಟದಲ್ಲಿ ನಿಯಮ ಬರೆಯುವುದು ಭಾರತದಲ್ಲಿ ತರವಲ್ಲ. ದೇಶದ ಮಟ್ಟದ ಊಹೆ ಅದಕ್ಕಿಂತ ನಂಬಲರ್ಹ. ಆವರಣದೊಳಗೆ ಸಂಕೇತ ಬೇಡವೆಂಬ ರಿಯಾಯಿತಿಯೂ ನನಗೆ ಸರಿಕಾಣದು. ಕದ್ದ ಗುಪ್ತಪದ ಹಿಡಿದವನು ಕಾಲೇಜಿನ ವೈ-ಫೈ ವ್ಯಾಪ್ತಿಯೊಳಗೆ ಬಂದರೆ ಅಂಕಪಟ್ಟಿಯೆಲ್ಲ ಅವನದೇ.

ನಿಯಮ ತಿದ್ದಿದ ಮೇಲೂ ಹಳೆಯ ತೊಂದರೆ ಉಳಿದಂತೆ ಕಾಣಬಹುದು. ಒಮ್ಮೆ ಪ್ರವೇಶ ಪಡೆದ ಬ್ರೌಸರ್‌ಗೆ ಕೊಟ್ಟ ‘ಟೋಕನ್’ ಸ್ವಲ್ಪ ಕಾಲ ಊರ್ಜಿತವಾಗಿರುವುದರಿಂದ, ಹೊರಬಂದು ಹೊಸದಾಗಿ ಪ್ರವೇಶಿಸಿಯೇ ಪರೀಕ್ಷಿಸಬೇಕು. ಊರೂ ಸರಿ, ಗುಪ್ತಪದವೂ ಸರಿ, ಆದರೂ ಸಂಕೇತ ತಿರಸ್ಕೃತವಾಗುತ್ತಿದೆಯೆ? ಮೊಬೈಲಿನ ಗಡಿಯಾರ ನೋಡಿ. ಸಂಕೇತ ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ಬದಲಾಗುತ್ತದೆ. ಕೈಯಿಂದ ಹೊಂದಿಸಿದ ಗಡಿಯಾರ ಎರಡು ಮೂರು ನಿಮಿಷ ಹಿಂದೆ ಬಿದ್ದಿದ್ದರೆ ಅದು ತೋರಿಸುವುದು ಆಗಲೇ ಸತ್ತ ಸಂಕೇತ. ಸಮಯವನ್ನು ಜಾಲದಿಂದ ತಾನಾಗಿ ಪಡೆಯುವಂತೆ ಹೊಂದಿಸಿದರೆ ಅಧ್ಯಾಪಕಿಯ ಅಂಕಪಟ್ಟಿ ಹೊರಡುತ್ತದೆ.